ತುಕ್ಕು ಹಿಡಿದ ಮಸ್ಟ್ಯಾಂಗ್: ತಗಡು ಕತ್ತರಿಸುವ ಮುನ್ನ ಮತ್ತು ಆಮೇಲೆ

1965 ಮತ್ತು 1966ರ ಫೋರ್ಡ್ ಮಸ್ಟ್ಯಾಂಗನ್ನು ಮಸಲ್ ಕಾರ್ (ದೊಡ್ಡ ಎಂಜಿನ್ನಿನ ಬಲಶಾಲಿ ಕಾರು) ಎನ್ನಬೇಕೋ ಪೋನಿ ಕಾರ್ (ಚಿಕ್ಕ, ಸೊಗಸಿನ, ಚುರುಕು ಕಾರು) ಎನ್ನಬೇಕೋ ಎಂಬ ಜಗಳ ಅಮೆರಿಕದಲ್ಲಿ ಇನ್ನೂ ಮುಗಿದಿಲ್ಲ. ಶೆಡ್ಡಿನಲ್ಲಿ ಅದನ್ನು ಬಿಚ್ಚಿಟ್ಟುಕೊಂಡು ಕುಳಿತವರಿಗೆ ಆ ಜಗಳದಿಂದ ಆಗಬೇಕಾದ್ದೇನೂ ಇಲ್ಲ. ಯಾವ ಭಾಗವನ್ನು ಇದ್ದಂತೆಯೇ ಉಳಿಸಬೇಕು, ಯಾವುದನ್ನು ಕೊಳ್ಳಬೇಕು, ಯಾವುದನ್ನು ಕೈಯಾರೆ ಮಾಡಿಕೊಳ್ಳಬೇಕು ಎಂಬುದೇ ಅವರ ತಲೆನೋವು. ಮುಂದೆ ಯಾರಾದರೂ ಬಯಸಿದರೆ ಕಾರನ್ನು ಹಿಂದಿನ ಸ್ಥಿತಿಗೆ ತರಲು ಸಾಧ್ಯವಿರುವ ಬದಲಾವಣೆಯನ್ನು ಧೈರ್ಯವಾಗಿ ಮಾಡಬಹುದು, ಉಳಿದದ್ದಕ್ಕೆ ಹತ್ತು ಸಲ ಯೋಚಿಸಬೇಕು ಎಂಬ ಅಳತೆಗೋಲನ್ನು ಇಟ್ಟುಕೊಂಡರೆ ಅರ್ಧ ಗೊಂದಲ ಕಳೆಯುತ್ತದೆ.

ಮೊದಲು ಎಂಜಿನ್ ಕೋಣೆಯಲ್ಲಿ ಎಡಬದಿಯ ಒಳ ಫೆಂಡರಿನ, ಅಂದರೆ ಚಕ್ರದ ಮೇಲಿನ ಒಳತಗಡಿನ ಮೇಲೆ ಒತ್ತಿರುವ ಸಂಖ್ಯೆಯನ್ನು ಓದಿ. ಅದರ ಐದನೆಯ ಅಕ್ಷರ ಎಂಜಿನ್ ಯಾವುದೆಂದು ಹೇಳುತ್ತದೆ. ಅದು ‘ಕೆ’ ಆಗಿದ್ದರೆ 289 ಘನ ಅಂಗುಲದ, 271 ಅಶ್ವಶಕ್ತಿಯ ವಿ8 (ಎಂಟು ಸಿಲಿಂಡರಿನ) ಎಂಜಿನ್ ಹೊತ್ತು ಹುಟ್ಟಿದ ವಿರಳ ಕಾರು ಎಂದರ್ಥ; ಅದರಲ್ಲಿ ಹೊಸದೊಂದು ತೂತನ್ನೂ ಕೊರೆಯಬೇಡಿ. ‘ಟಿ’ ಎಂದಿದ್ದರೆ ಆರು ಸಿಲಿಂಡರಿನ ಸಾಧಾರಣ ಕಾರು, ಅಲ್ಲಿ ನಿಮಗೆ ಸ್ವಾತಂತ್ರ್ಯ ಹೆಚ್ಚು.

ತುಕ್ಕಿನ ಕೆಲಸವನ್ನು ಬಹುತೇಕ ಮಂದಿ ಕಣ್ಣಿಗೆ ಬೀಳುವ ನೆಲದ ತಗಡಿನಿಂದ ಆರಂಭಿಸಿ ಎಡವುತ್ತಾರೆ. ಮುಂಗಾಜಿನ ಬುಡದಲ್ಲಿರುವ, ಎರಡು ಪದರದ ಕೌಲ್ ಎಂಬ ಪೆಟ್ಟಿಗೆಯೊಳಗೆ ಎಲೆ, ಮಣ್ಣು ಸೇರಿ ತೇವ ನಿಂತು, ಗಾಳಿಕಿಂಡಿಯ ಸುತ್ತಲಿನ ಟೋಪಿಯಾಕಾರದ ಅಂಚು ತಿಂದುಹೋಗುತ್ತದೆ. ಮಳೆನೀರು ಅಲ್ಲಿಂದ ನೇರವಾಗಿ ಕಾರ್ಪೆಟ್ಟಿಗೆ ಇಳಿಯುತ್ತದೆ. ನೆಲ ಕೊಳೆತದ್ದಕ್ಕೆ ಕಾರಣ ಬಹಳ ಸಲ ಇದೇ ಆಗಿರುವುದರಿಂದ ಕೌಲ್‌ನ ಸೀಳುಗಳ ಮೇಲೆ ಒಂದು ಕೊಡ ನೀರು ಸುರಿದು, ಡ್ಯಾಶಿನ ಕೆಳಗೆ ಟಾರ್ಚ್ ಹಿಡಿದು ನೋಡಿ. ಸೋರಿದರೆ ಮೇಲಿನ ಪದರದ ಸ್ಪಾಟ್ ವೆಲ್ಡುಗಳನ್ನು (ಎರಡು ತಗಡನ್ನು ಕೂಡಿಸಿದ ಚುಕ್ಕೆ ಬೆಸುಗೆಗಳನ್ನು) ತಂತಿ ಬ್ರಷ್ಷಿನಿಂದ ಉಜ್ಜಿ ಗುರುತಿಸಿ, ಕೆಳಪದರಕ್ಕೆ ಪೆಟ್ಟಾಗದಂತೆ ಒಂದೊಂದಾಗಿ ಕೊರೆದು, ಪದರವನ್ನು ಎತ್ತಿ, ಒಳಗಿನದನ್ನು ಮೊದಲು ಸರಿಪಡಿಸಬೇಕು.

ಆಮೇಲೆ ನೆಲ. ಈ ಕಾರಿಗೆ ಪ್ರತ್ಯೇಕ ಚಾಸಿ ಇಲ್ಲ, ತಗಡೇ ಅದರ ಅಸ್ಥಿಪಂಜರ. ಆದ್ದರಿಂದ ಕತ್ತರಿಸುವ ಮೊದಲು ಬಾಗಿಲ ಚೌಕಟ್ಟಿಗೆ ಅಡ್ಡ ಕೊಳವೆಗಳನ್ನು ತಾತ್ಕಾಲಿಕವಾಗಿ ಬೆಸೆದು, ಬಾಗಿಲ ಸಂದು ಮೇಲೆ ಕೆಳಗೆ ಎಷ್ಟಿದೆಯೆಂದು ಬರೆದಿಟ್ಟುಕೊಳ್ಳಿ. ಇಡೀ ನೆಲವೇ ಹೊಸದಾಗಿ ಮಾರುಕಟ್ಟೆಯಲ್ಲಿ ಸಿಗುವಾಗ ಅದನ್ನು ಕೈಯಲ್ಲಿ ತಟ್ಟಿ ಮಾಡುವುದು ನನ್ನ ಮಟ್ಟಿಗೆ ಹಟವಷ್ಟೇ, ಆದರೆ ಅಂಗೈಯಗಲದ ತೂತಿಗೆ ಪೂರ್ತಿ ನೆಲ ತರಿಸುವುದೂ ಜಾಣತನವಲ್ಲ. ಅಂಥಲ್ಲಿ ತೆಳು ರಟ್ಟಿನ ಮೇಲೆ ತೂತಿನ ಅಚ್ಚು ತೆಗೆದು, ಸುಮಾರು 0.9 ಮಿ.ಮೀ. ದಪ್ಪದ ತಗಡಿಗೆ ಅದನ್ನು ಇಳಿಸಿ, ತುಕ್ಕನ್ನು ದಾಟಿ ಹೊಳೆಯುವ ಲೋಹ ಸಿಗುವವರೆಗೆ ಹಳೆಯದನ್ನು ಕತ್ತರಿಸಿ, ಅಂಚಿಗೆ ಅಂಚು ತಾಗಿಸಿ ಕೂರಿಸಬೇಕು. ತಂತಿಯನ್ನು ತಾನೇ ಹೊರಬಿಡುತ್ತ ಬೆಸೆಯುವ ಮಿಗ್ ಬೆಸುಗೆಯಲ್ಲಿ 0.6 ಮಿ.ಮೀ. ತಂತಿ ಸಾಕು. ಒಂದು ಚುಕ್ಕೆ ಇಲ್ಲಿ, ಮುಂದಿನದು ಎದುರಂಚಿನಲ್ಲಿ, ನಡುವೆ ಕೈ ಇಟ್ಟರೆ ಸುಡದಷ್ಟು ಆರಲು ಸಮಯ ಕೊಟ್ಟು, ಚುಕ್ಕೆಗಳು ಕೂಡುವ ತನಕ ಹೀಗೆಯೇ ಸಾಗಿ. ಒಂದೇ ಓಟಕ್ಕೆ ಬೆಸೆದರೆ ತಗಡು ಹಪ್ಪಳದಂತೆ ಸೆಟೆಯುತ್ತದೆ.

ಬ್ರೇಕಿನ ವಿಷಯದಲ್ಲಿ ಮಾತ್ರ ಮೂಲನಿಷ್ಠೆಗೆ ನಾನು ಬೆಲೆ ಕೊಡುವುದಿಲ್ಲ. ಪೆಡಲ್ ಒತ್ತಿದಾಗ ಬ್ರೇಕ್ ಎಣ್ಣೆಯನ್ನು ಚಕ್ರಗಳತ್ತ ತಳ್ಳುವ ಮಾಸ್ಟರ್ ಸಿಲಿಂಡರಿನಲ್ಲಿ ಈ ಎರಡು ವರ್ಷದ ಕಾರುಗಳಿಗೆ ಒಂದೇ ಜಾಲವಿದೆ. ಎಲ್ಲಿ ಸೋರಿದರೂ ನಾಲ್ಕೂ ಚಕ್ರದ ಬ್ರೇಕ್ ಹೋಗುತ್ತದೆ. 1967ರಿಂದ ಫೋರ್ಡ್ ಕಂಪನಿಯೇ ಎರಡು ಜಾಲದ ಸಿಲಿಂಡರ್ ಹಾಕತೊಡಗಿತು, ಅಂಥದ್ದನ್ನೇ ಕೂರಿಸಿ. ಹಳೆಯದನ್ನು ಕಪಾಟಿನಲ್ಲಿಟ್ಟರೆ ಮರಳುವ ದಾರಿಯೂ ಉಳಿಯುತ್ತದೆ. ಡ್ರಮ್ಮಿಗೆ ಹೊಂದುವುದು ಡಿಸ್ಕಿಗೆ ಹೊಂದುವುದಿಲ್ಲವಾದ್ದರಿಂದ ನಿಮ್ಮ ಬ್ರೇಕ್ ಯಾವುದೆಂದು ನೋಡಿಕೊಂಡೇ ಕೊಳ್ಳಿ. ಹೊಸ ಕೊಳವೆಗಳನ್ನು ಬಾಗಿಸುವ ಮೊದಲು ಬೆಸುಗೆ ಕಡ್ಡಿಯೊಂದನ್ನು ಬಾಗಿಸಿ ಮಾದರಿ ಮಾಡಿಕೊಳ್ಳುವುದು ಒಳ್ಳೆಯದು. ತುದಿಯನ್ನು ಎರಡು ಮಡಿಕೆಯಾಗಿ ಅರಳಿಸುವ ಮುನ್ನ ನಟ್ಟನ್ನು ಕೊಳವೆಗೆ ಪೋಣಿಸಬೇಕು, ಇದನ್ನು ಒಮ್ಮೆಯಾದರೂ ಮರೆಯದವರಿಲ್ಲ.

ಇನ್ನು ಸಸ್ಪೆನ್ಷನ್. ಫೋರ್ಡ್ ಎಂಜಿನಿಯರ್ ಕ್ಲೌಸ್ ಆರ್ನಿಂಗ್ ರೂಪಿಸಿದ, ಮಸ್ಟ್ಯಾಂಗಿನ ಚುರುಕು ರೂಪವಾದ 1965ರ ಶೆಲ್ಬಿ ಜಿಟಿ350ಯಲ್ಲಿ ಬಳಕೆಯಾದ ಉಪಾಯವೆಂದರೆ ಮುಂಚಕ್ರದ ಮೇಲಿನ ಕಂಟ್ರೋಲ್ ಆರ್ಮನ್ನು (ಚಕ್ರವನ್ನು ಕಾರಿನ ದೇಹಕ್ಕೆ ಜೋಡಿಸುವ ತೋಳನ್ನು) ಒಂದು ಅಂಗುಲ, ಅಂದರೆ 25.4 ಮಿ.ಮೀ. ಕೆಳಗಿಳಿಸುವುದು; ತಿರುವಿನಲ್ಲಿ ಹೊರಗಿನ ಟಯರ್ ವಾಲದೆ ನೆಲಕ್ಕೆ ಹೆಚ್ಚು ನೆಟ್ಟಗೆ ಊರಿ ನಿಲ್ಲುತ್ತದೆ. ಕಾಯಿಲ್ ಸ್ಪ್ರಿಂಗನ್ನು ಸರಿಯಾದ ಕಂಪ್ರೆಸರ್‌ನಿಂದ ಹಿಡಿದು ಹೊರತೆಗೆದ ಮೇಲಷ್ಟೇ ಈ ಕೆಲಸಕ್ಕೆ ಕೈಹಾಕಿ; ಅದು ಚಿಮ್ಮಿದರೆ ಪ್ರಾಣಕ್ಕೇ ಕುತ್ತು. ದಪ್ಪ ಪಟ್ಟಿಯೊಂದರಲ್ಲಿ ಆರ್ಮ್ ಬಿಗಿದಿದ್ದ ಹಳೆಯ ಎರಡು ತೂತುಗಳನ್ನೂ ಅವುಗಳ ಕೆಳಗೆ ಹೊಸ ಎರಡನ್ನೂ ಕೊರೆದು, ಅದನ್ನು ಹಳೆಯ ತೂತುಗಳಿಗೆ ಬೋಲ್ಟಿನಿಂದ ಬಿಗಿದು, ಮೊದಲು ಸಣ್ಣ ಬಿಟ್ಟಿನಿಂದ, ಆಮೇಲೆ ಹಂತ ಹಂತವಾಗಿ ಅಗಲಿಸಿ ಕಾರಿನ ತಗಡಿನಲ್ಲಿ ಹೊಸ ತೂತುಗಳನ್ನು ಕೊರೆಯಿರಿ. ಹಳೆಯ ತೂತುಗಳನ್ನು ಮುಚ್ಚಬೇಡಿ. ಬೇಡವೆನಿಸಿದ ದಿನ ಆರ್ಮ್ ಮತ್ತೆ ಅಲ್ಲಿಗೇ ಹೋಗಬಹುದು. ಜೋಡಿಸಿದ ಮೇಲೆ ವೀಲ್ ಅಲೈನ್‌ಮೆಂಟ್ ಮಾಡಿಸದೆ ರಸ್ತೆಗಿಳಿಸಬಾರದು.

ಕಾರ್ಪೆಟ್ ಹಾಸುವ ಹಿಂದಿನ ಸಂಜೆ, ಬೆಸುಗೆಯ ಸಂದುಗಳಿಗೆ ಮೆತ್ತಿದ ಸೀಲರ್ ಪೂರ್ತಿ ಒಣಗಿರುವಾಗ, ಹೊಸ ನೆಲದ ಮೇಲೆ ಹಳೆಯ ಪತ್ರಿಕೆಗಳನ್ನು ಹರಡಿ, ಕೌಲ್ ಮೇಲೆ ಮತ್ತೊಂದು ಕೊಡ ನೀರು ಸುರಿದು ಮಲಗಲು ಹೋಗಿ. ಬೆಳಿಗ್ಗೆ ಪತ್ರಿಕೆಯ ಒಂದು ಮೂಲೆ ಒದ್ದೆಯಾಗಿದ್ದರೂ ಕಾರ್ಪೆಟ್ ಸುರುಳಿ ಬಿಚ್ಚಬೇಡಿ.