ಹೊಸಬರಿಗೆ ಮಾರ್ಗದರ್ಶಿ: ಸಂಜೆಯ ಕಾಫಿಗೂ ರಾತ್ರಿಯ ಊಟಕ್ಕೂ ನಡುವಿನ ಹೊತ್ತು

ವರ್ಗಾವಣೆಯಾಗಿಯೋ ಹೊಸ ಕೆಲಸ ಹಿಡಿದೋ ಶಿವಮೊಗ್ಗಕ್ಕೆ ಬಂದಿರುವ ಕುಟುಂಬಗಳಿಗೆ ಸಂಘದ ಪರವಾಗಿ ಸ್ವಾಗತ. ಬಾಡಿಗೆ ಮನೆ, ಶಾಲೆ, ಗ್ಯಾಸ್ ಸಂಪರ್ಕ ಮುಂತಾದವನ್ನು ಬೇರೆ ಭಾಗಗಳಲ್ಲಿ ಬರೆದಿದ್ದೇವೆ. ಈ ಭಾಗ ಸಂಜೆ 5ರಿಂದ ರಾತ್ರಿ 9ರವರೆಗಿನ ಬಾಯಾಡಿಸುವ ವಿಚಾರಕ್ಕೆ ಮೀಸಲು. ಇಷ್ಟು ಸಣ್ಣ ವಿಷಯಕ್ಕೆ ಒಂದು ಭಾಗವೇ ಬೇಕೇ ಎಂದು ಸಭೆಯಲ್ಲಿ ಕೆಲವರು ನಕ್ಕರು. ನಕ್ಕವರೆಲ್ಲ ಇಲ್ಲಿಯೇ ಹುಟ್ಟಿ ಬೆಳೆದವರು. ಬಾಗಲಕೋಟೆ ಕಡೆಯಿಂದ ಬಂದ ನನಗೆ ನಗು ಬರಲಿಲ್ಲ.

ಕರೆಯುವ ಮಾತನ್ನು ಕೇಳಿಸಿಕೊಳ್ಳುವುದು

ಈ ಊರಿನಲ್ಲಿ "ಸಂಜೆ ಮನೆ ಕಡೆ ಬನ್ನಿ" ಎಂದರೆ ಕಾಫಿಗೆ ಕರೆದಂತೆ. ಊಟಕ್ಕೆ ಕರೆಯುವವರು "ಊಟಕ್ಕೇ ಬನ್ನಿ" ಎಂದು ಬಿಡಿಸಿ ಹೇಳುತ್ತಾರೆ. ಈ ಒಂದು ಏಕಾರದ ಬೆಲೆಯನ್ನು ನಾನು ಕಲಿತದ್ದು ಹಸಿದ ಹೊಟ್ಟೆಯಲ್ಲಿ.

ನಾವು ಬಂದ ಮೊದಲ ಮಳೆಗಾಲದಲ್ಲಿ ಹಿಂದಿನ ಬೀದಿಯ ಮನೆಯವರು ಹಾಗೆ ಕರೆದಾಗ, ನಾನು ರಾತ್ರಿಗೆ ಏನೂ ಮಾಡದೆ, ಮಕ್ಕಳಿಬ್ಬರನ್ನು ಕರೆದುಕೊಂಡು 6 ಗಂಟೆಗೆ ಹೋದೆ. ಅವರು ಹಲಸಿನ ಹಪ್ಪಳ ಕರಿದು, ಜೊತೆಗೆ ತೆಂಗಿನಕಾಯಿ ಚೂರಿಟ್ಟು, ಒಗ್ಗರಣೆ ಅವಲಕ್ಕಿ, ಬಾಳೆಹಣ್ಣು, ಕಾಫಿ ಎಲ್ಲವನ್ನೂ ಮುಂದಿಟ್ಟರು. ಹೇಗೂ ಊಟವಿದೆಯಲ್ಲ ಎಂಬ ಭರವಸೆಯಲ್ಲಿ ನಾನು ಒಂದೇ ಹಪ್ಪಳ ಮುರಿದು ತಿಂದು, ಮಕ್ಕಳ ಕೈಯನ್ನೂ ಕಣ್ಣಿನಲ್ಲೇ ತಡೆದೆ. "ಎಂತಕ್ಕೆ ಸಂಕೋಚ, ಹಾಕ್ಕೊಳ್ಳಿ" ಎಂದು ಅವರು, "ಸಾಕ್ರೀ ಅಕ್ಕಾರ, ಹೊಟ್ಟಿ ತುಂಬೇತಿ" ಎಂದು ನಾನು. ಏಳೂವರೆಗೆ ಅವರು ಕುಂಕುಮದ ಬಟ್ಟಲು ತಂದರು. ಅದರ ಅರ್ಥ ಬಾಗಲಕೋಟೆಯಲ್ಲೂ ಒಂದೇ, ಶಿವಮೊಗ್ಗದಲ್ಲೂ ಒಂದೇ. ಮಳೆಯಲ್ಲಿ ಮನೆಗೆ ಬಂದು, ಅಳುವ ಮಕ್ಕಳನ್ನು ಒಲೆಯ ಪಕ್ಕದಲ್ಲಿ ಕೂರಿಸಿಕೊಂಡು ಉಪ್ಪಿಟ್ಟು ಕೆದಕಿದೆ. ಮಾಡಿದ್ದನ್ನು ಮುಟ್ಟದೆ ಹೋದರೆಂದು ಆ ಮನೆಯವರಿಗೂ ನೋವಾಗಿತ್ತು ಎಂಬುದು ನನಗೆ ತಿಳಿದದ್ದು ವರ್ಷ ಕಳೆದ ಮೇಲೆ.

ಆ ನೋವಿಗೆ ಕಾರಣವಿದೆ. ಹಲಸಿನ ಹಪ್ಪಳವೆಂದರೆ ಅಂಗಡಿಗೆ ಹೋಗಿ ತಂದು ಎಣ್ಣೆಗೆ ಬಿಡುವ ವಸ್ತುವಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಬಲಿತ ಹಲಸಿನಕಾಯಿಯನ್ನು ಕೊಯ್ದು, ಮೇಣ ಅಂಟಿದ ಕೈಗೆ ಎಣ್ಣೆ ಸವರಿಕೊಂಡು ತೊಳೆ ಬಿಡಿಸಿ, ಬೇಯಿಸಿ, ರುಬ್ಬಿ, ಒಂದೊಂದಾಗಿ ಒತ್ತಿ, ಮಳೆ ಹಿಡಿಯುವ ಮೊದಲು ಬಿಸಿಲಿನಲ್ಲಿ ಒಣಗಿಸಿ ಡಬ್ಬಿಗೆ ತುಂಬಿಡುತ್ತಾರೆ. ಅಂತಹ ಡಬ್ಬಿಯನ್ನು ನಿಮಗಾಗಿ ತೆರೆದಿದ್ದಾರೆಂದರೆ, ಊಟದ ಮುಂಚೆ ತಿನ್ನುವುದು ನಿಮ್ಮ ಮನೆಯ ಪದ್ಧತಿಯಲ್ಲದಿದ್ದರೂ ಎರಡು ಹಪ್ಪಳ ತಿನ್ನಬೇಕು. ಕಾಫಿ ಕುಡಿಯದವರು ಮೊದಲೇ ಹೇಳಿದರೆ ಕಷಾಯವೋ ಹಾಲೋ ಬರುತ್ತದೆ. ಹಳ್ಳಿಯ ಮನೆಗಳಲ್ಲಿ ಬಂದ ಕೂಡಲೇ ನೀರಿನೊಂದಿಗೆ ಬೆಲ್ಲ ಕೊಡುತ್ತಾರೆ. ಅದನ್ನು ತಿಂಡಿಯೆಂದು ತಿಳಿದು "ಬೇಡ, ಊಟ ಮಾಡಬೇಕು" ಎನ್ನುವವರನ್ನು ಕಂಡಿದ್ದೇವೆ. ಚೂರು ಬೆಲ್ಲ ಬಾಯಿಗೆ ಹಾಕಿಕೊಂಡು ನೀರು ಕುಡಿದರೆ ಯಾರ ಊಟವೂ ಕೆಡುವುದಿಲ್ಲ. ಕಳೆದ ವರ್ಷ ಹೊಸಬರೊಬ್ಬರು ಹಪ್ಪಳದ ತಟ್ಟೆಯನ್ನು ಪಕ್ಕಕ್ಕೆ ಸರಿಸಿ, ಚೀಲದಿಂದ ಕುರುಕಲಿನ ಪ್ಯಾಕೆಟ್ ತೆಗೆದು ತಮ್ಮ ಮಗುವಿಗೆ ಕೊಟ್ಟರಂತೆ. ದಯವಿಟ್ಟು ಹೀಗೆ ಮಾಡಬೇಡಿ.

ಒಂದೊಂದು ಮನೆಗೆ ಒಂದೊಂದು ಗಡಿಯಾರ

ನಿಮ್ಮ ಮನೆಯಲ್ಲಿಯೂ ನಮ್ಮಂತೆಯೇ ಏಳು ಗಂಟೆಗೆ ಚೂಡಾದ (ಶೇಂಗಾ ಬೆರೆಸಿದ ಒಗ್ಗರಣೆ ಅವಲಕ್ಕಿಯ) ಡಬ್ಬಿ ತೆರೆದುಕೊಂಡು, ಒಂಬತ್ತೂವರೆಗೆ ರೊಟ್ಟಿ ಬಡಿಯುವ ಸದ್ದು ಕೇಳುತ್ತಿರಬಹುದು. ಇಲ್ಲಿ ಅನೇಕ ಮನೆಗಳಲ್ಲಿ 5 ಗಂಟೆಗೆ ಕಾಫಿಯೊಂದಿಗೆ ಏನಾದರೂ ತಿಂದರೆ, ದೀಪ ಹಚ್ಚಿದ ಮೇಲೆ ಏನನ್ನೂ ಮುಟ್ಟದೆ 8 ಗಂಟೆಗೆಲ್ಲ ಊಟಕ್ಕೆ ಕೂರುತ್ತಾರೆ. ಆದ್ದರಿಂದ ನೀವು ಏಳು ಗಂಟೆಗೆ ಪ್ರೀತಿಯಿಂದ ಒಯ್ದ ಮೆಣಸಿನಕಾಯಿ ಬಜ್ಜಿ, ಅವರ ಅನ್ನದ ಮೇಲೆ ಬಿದ್ದ ಕಲ್ಲಾಗುತ್ತದೆ. ಬಜ್ಜಿಯನ್ನು 5 ಗಂಟೆಗೆ ಒಯ್ಯಿರಿ.

ಕೆಲವು ಮನೆಗಳಲ್ಲಿ ಶನಿವಾರ ಒಪ್ಪತ್ತು ಇರುತ್ತದೆ. ಅಂದು ರಾತ್ರಿ ಅನ್ನವಿಲ್ಲ, ಫಲಾಹಾರವೆಂದು ದೋಸೆಯೋ ಅವಲಕ್ಕಿಯೋ ಉಪ್ಪಿಟ್ಟೋ ಇರುತ್ತದೆ. ಅದು ಊಟಕ್ಕೆ ಮುಂಚಿನ ತಿಂಡಿಯಲ್ಲ, ಅದೇ ಊಟ. ಅಲ್ಲಿ ಕೂತು ಸಾರು ಅನ್ನಕ್ಕೆ ಕಾಯಬೇಡಿ. ಹೊಸನಗರ ತಾಲೂಕಿನ ಹೊಂಬುಜದಂತಹ ಕ್ಷೇತ್ರವಿರುವ ಈ ಸೀಮೆಯಲ್ಲಿ ಜೈನ ಮನೆತನಗಳೂ ಇವೆ. ಸೂರ್ಯ ಮುಳುಗಿದ ಮೇಲೆ ಉಣ್ಣದ ನೇಮವನ್ನು ಪಾಲಿಸುವವರ ಮನೆಯಲ್ಲಿ, ನಮಗೆ ಕಾಫಿಯ ಹೊತ್ತಾಗಿರುವುದು ಅವರಿಗೆ ಊಟದ ಹೊತ್ತು. ಡಿಸೆಂಬರ್‌ನಲ್ಲಿ 6 ಗಂಟೆಯ ಆಸುಪಾಸಿಗೇ ಹೊತ್ತು ಮುಳುಗುತ್ತದೆ, ಜೂನ್‌ನಲ್ಲಿ 7ರ ಹತ್ತಿರ ಬರುತ್ತದೆ. ಅಂತಹವರನ್ನು ಮನೆಗೆ ಕರೆಯುವಾಗ ಈ ಲೆಕ್ಕ ನಿಮ್ಮ ತಲೆಯಲ್ಲಿರಲಿ. ರಂಜಾನ್ ತಿಂಗಳಲ್ಲಿ ಮುಸ್ಲಿಂ ನೆರೆಯವರು ಸಂಜೆ ಖರ್ಜೂರ, ಸಮೋಸ ಇಟ್ಟ ತಟ್ಟೆಯನ್ನು ಕಳುಹಿಸಿದರೆ, ಅದು ಹಗಲೆಲ್ಲ ಉಪವಾಸವಿದ್ದವರ ಮನೆಯ ತಟ್ಟೆ ಎಂಬುದನ್ನು ಮಕ್ಕಳಿಗೂ ತಿಳಿಸಿ ತೆಗೆದುಕೊಳ್ಳಿ. ಖಾಲಿ ತಟ್ಟೆಯನ್ನು ಖಾಲಿಯಾಗಿ ಹಿಂತಿರುಗಿಸಬಾರದೆಂದು ನಿಮಗೆ ಹೇಳಬೇಕಾಗಿಲ್ಲ.

ಅಡಿಕೆ ಸುಲಿಯುವ ಕಾಲದಲ್ಲಿ ತೋಟದ ಮನೆಗಳ ಗಡಿಯಾರವೇ ಬೇರೆ. ಮೆಟ್ಟುಗತ್ತಿಯ ಮುಂದೆ ರಾತ್ರಿಯವರೆಗೆ ಕೂರುವವರಿಗೆ ನಡುವೆ ಕಾಫಿ, ಮಂಡಕ್ಕಿ ಬೇಕೇ ಬೇಕು, ಊಟ ಹತ್ತಕ್ಕೋ ಹನ್ನೊಂದಕ್ಕೋ ಆಗಬಹುದು. ತೀರ್ಥಹಳ್ಳಿ, ಸಾಗರದ ಕಡೆ ಅಂತಹ ಮನೆಗೆ ಹೋದಾಗ "ಊಟಕ್ಕೆ ಮುಂಚೆ ನಾವು ಏನೂ ತಿನ್ನುವುದಿಲ್ಲ" ಎಂದು ವ್ರತ ಹಿಡಿದರೆ ನೀವೇ ಹಸಿಯುತ್ತೀರಿ.

ಪಕ್ಕದ ಮನೆಯ ಮಕ್ಕಳು

ಇದು ಎಲ್ಲಕ್ಕಿಂತ ಮುಖ್ಯ. ನಮ್ಮ ಕಡೆ ಮನೆಗೆ ಬಂದ ಮಗುವನ್ನು ಬರಿಗೈಯಲ್ಲಿ ಕಳುಹಿಸಿದರೆ ಪಾಪ. ಹಾಗಾಗಿ ಆಡಲು ಬರುತ್ತಿದ್ದ ಪಕ್ಕದ ಮನೆಯ ಹುಡುಗನಿಗೆ ನಾನು ದಿನವೂ ಏಳು ಗಂಟೆಗೆ ನನ್ನ ಮಕ್ಕಳ ಜೊತೆಗೆ ಚೂಡಾವನ್ನೋ ಬಜ್ಜಿಯನ್ನೋ ಕೊಡುತ್ತಿದ್ದೆ. ಎಂಟು ಗಂಟೆಗೆ ಆತ ತನ್ನ ತಟ್ಟೆಯ ಮುಂದೆ ಕೂತು ಅನ್ನವನ್ನು ಕೆದಕುತ್ತಿದ್ದನಂತೆ. ಅವನ ತಾಯಿ ಹದಿನೈದು ದಿನ ಸುಮ್ಮನಿದ್ದರು, ಮಲೆನಾಡಿನವರ ಸಂಕೋಚ ಅಷ್ಟು ದೊಡ್ಡದು. ಆಮೇಲೆ ಹುಡುಗ ಬರುವುದೇ ನಿಂತಿತು. ನನ್ನ ಮಗಳು "ಅವನ್ಯಾಕ ಬರೂದಿಲ್ಲ" ಎಂದು ಕೇಳಿ ಕೇಳಿ ಸುಸ್ತಾದ ಮೇಲೆ, ನಾನೇ ಹೋಗಿ ಕೇಳಿದೆ. "ಬೇಜಾರು ಮಾಡ್ಕೋಬೇಡಿ, ನಮ್ಮಲ್ಲಿ ಎಂಟಕ್ಕೆಲ್ಲ ಊಟ. ಅವನು ಊಟ ಬಿಟ್ರೆ ಅವರಜ್ಜಿ ನನಗೇ ಹೇಳ್ತಾರೆ" ಎಂದರು. ಅತ್ತೆಯ ಮಾತು ಕೇಳಬೇಕಾಗಿ ಬಂದದ್ದು ನನ್ನ ಚೂಡಾದಿಂದ ಎಂದು ಗೊತ್ತಾದಾಗ ನನಗೆ ತಲೆ ಎತ್ತಲಾಗಲಿಲ್ಲ.

ಬೇರೆಯವರ ಮಗುವಿಗೆ ತಿನ್ನಲು ಕೊಡುವ ಮೊದಲು ತಾಯಿಯನ್ನೋ ಅಜ್ಜಿಯನ್ನೋ ಒಮ್ಮೆ ಕೇಳಿ, ಊಟ ಎಷ್ಟು ಹೊತ್ತಿಗೆ ಎಂಬುದನ್ನೂ ಕೇಳಿ. ಮೊಟ್ಟೆ, ಮಾಂಸ, ಈರುಳ್ಳಿ, ಬೆಳ್ಳುಳ್ಳಿ ಬಳಸದ ಮನೆಗಳಿವೆ. ಬೇಕರಿಯ ಪಫ್ಸ್ ಒಳಗೆ ಏನಿದೆ ಎಂದು ಮಗುವಿಗೆ ತಿಳಿಯುವುದಿಲ್ಲ. ಶೇಂಗಾ ಆಗದ ಮಕ್ಕಳೂ ಇರುತ್ತಾರೆ, ಅಂತಹವರಿಗೆ ಒಂದು ಹಿಡಿ ಚೂಡಾ ಕೂಡ ಅಪಾಯ. ಕೊಡಲೇಬೇಕೆನಿಸಿದರೆ ಒಂದು ಬಾಳೆಹಣ್ಣು ಕೊಡಿ. ನಮ್ಮ ಮನೆಯಲ್ಲಿ ಈಗ ಮಕ್ಕಳು ಶಾಲೆಯಿಂದ ಬಂದ ಕೂಡಲೇ, ನಾಲ್ಕೂವರೆಯ ಹೊತ್ತಿಗೆ ಹೊಟ್ಟೆ ತುಂಬುವಷ್ಟು ಕೊಟ್ಟು, ಆರೂವರೆಯ ನಂತರ ಹಣ್ಣು, ಮಜ್ಜಿಗೆ ಬಿಟ್ಟು ಬೇರೇನೂ ಇಲ್ಲವೆಂದು ಮಾಡಿಕೊಂಡಿದ್ದೇವೆ. ನನ್ನ ಯಜಮಾನರು ಮಾತ್ರ ಈ ನಿಯಮಕ್ಕೆ ಇನ್ನೂ ಒಗ್ಗಿಲ್ಲ.

ಸಕ್ಕರೆ ಕಾಯಿಲೆಗೆ ಔಷಧಿ ತೆಗೆದುಕೊಳ್ಳುವ ಹಿರಿಯರಿಗೆ ವೈದ್ಯರು ಹೇಳಿದ ಹೊತ್ತೇ ಹೊತ್ತು, ಮೇಲಿನ ಯಾವ ಮಾತೂ ಅವರಿಗೆ ಅನ್ವಯಿಸದು.

ಅಂಗಡಿಯಲ್ಲಿ

ಚುರುಮುರಿ ಎಂದರೂ ಕಡ್ಲೆಪುರಿ ಎಂದರೂ ಇಲ್ಲಿ ಮಂಡಕ್ಕಿ. ಬೆಳಿಗ್ಗೆಯದು ಮಾತ್ರ ತಿಂಡಿ, ಸಂಜೆಯದನ್ನು ಕಾಫಿ ಎಂದೇ ಕರೆಯುತ್ತಾರೆ. ಮಳೆಗಾಲದಲ್ಲಿ ಮಂಡಕ್ಕಿ, ಚಕ್ಕುಲಿ ಒಂದೇ ದಿನದಲ್ಲಿ ಮೆತ್ತಗಾಗುವುದರಿಂದ ಸ್ವಲ್ಪವೇ ಕೊಳ್ಳಿ.

ಸಂಘದ ಕಾರ್ಯಕ್ರಮಗಳಿಗೆ ಬರುವಾಗ

ನಮ್ಮ ಆಮಂತ್ರಣದಲ್ಲಿ "ಲಘು ಉಪಾಹಾರದ ವ್ಯವಸ್ಥೆ ಇದೆ" ಎಂದಿದ್ದರೆ ಉಪ್ಪಿಟ್ಟು, ಕೇಸರಿಬಾತು, ಕಾಫಿ ಇರುತ್ತದೆ, ಅದನ್ನು ಭಾಷಣಕ್ಕೆ ಮುಂಚೆಯೇ ಕೊಡುತ್ತೇವೆ. "ಭೋಜನದ ವ್ಯವಸ್ಥೆ ಇದೆ" ಎಂದು ಬರೆದಿದ್ದರೆ ಮಾತ್ರ ಎಲೆ ಹಾಕುತ್ತೇವೆ. ಮೊದಲನೆಯದಾದರೆ ಮನೆಯಿಂದ ಹೊರಡುವ ಮುನ್ನ ಅಕ್ಕಿ ತೊಳೆದು ಕುಕ್ಕರಿನಲ್ಲಿಟ್ಟು ಬನ್ನಿ, ಏಕೆಂದರೆ ನಮ್ಮ ಭಾಷಣಗಳು ಹೇಳಿದ ಹೊತ್ತಿಗೆ ಮುಗಿಯುವುದಿಲ್ಲ.