ಅಡುಗೆಮನೆ ತುಂಬಿಸುವ ಕ್ರಮ: ಯಾವುದು ವರ್ಷಕ್ಕೆ, ಯಾವುದು ಹದಿನೈದು ದಿನಕ್ಕೆ

ಹೊಸದಾಗಿ ಮನೆ ಮಾಡಿದವರು ಒಂದೇ ದಿನ ಉದ್ದದ ಕಿರಾಣಿ ಚೀಟಿ ಬರೆದು, ಎಲ್ಲವನ್ನೂ ಎರಡೆರಡು ಕೆ.ಜಿ. ತಂದು ಡಬ್ಬಿಗೆ ಸುರಿಯುತ್ತಾರೆ. ಎರಡು ತಿಂಗಳೊಳಗೆ ರವೆಗೆ ಹುಳ ಬಿದ್ದಿರುತ್ತದೆ, ಜೋಳದ ಹಿಟ್ಟು ಕಹಿಯಾಗಿರುತ್ತದೆ, ಶೇಂಗಾ ಕಮಟು ಹಿಡಿದಿರುತ್ತದೆ. ಕಲಬುರಗಿ, ಬೀದರ್, ಯಾದಗಿರಿಯ ಬೇಸಿಗೆಯಲ್ಲಿ ಇದು ಇನ್ನೂ ಬೇಗ. ಇಡಿ ಕಾಳು ವರ್ಷ ತಡೆಯುತ್ತದೆ, ಬೇಳೆ ಕೆಲವು ತಿಂಗಳು, ಜೋಳದ ಹಿಟ್ಟು ಹದಿನೈದು ದಿನ. ಈ ಲೆಕ್ಕ ಹಿಡಿದು ತಂದರೆ ಚೆಲ್ಲುವ ಪ್ರಸಂಗವೇ ಬರುವುದಿಲ್ಲ.

ಮೊದಲು ಹಂಚು

ರೊಟ್ಟಿ ಊಟದ ಮನೆಗೆ ಮೊದಲ ಖರೀದಿ ಕಬ್ಬಿಣದ ಹಂಚು. ಸುಮಾರು 12 ಇಂಚು ಅಗಲವಿರಲಿ, ಕೈಯಲ್ಲಿ ಹಿಡಿದರೆ ಭಾರ ಅನಿಸಬೇಕು. ತೆಳು ಹಂಚಿನಲ್ಲಿ ಉರಿ ತಾಗಿದ ಜಾಗವಷ್ಟೇ ಕಾಯುತ್ತದೆ. ರೊಟ್ಟಿ ನಡುವೆ ಸುಟ್ಟು ಅಂಚು ಹಸಿ ಉಳಿಯುತ್ತದೆ. ನಾನ್‌ಸ್ಟಿಕ್ ತವಾ ಇದಕ್ಕೆ ಬೇಡವೇ ಬೇಡ. ರೊಟ್ಟಿಗೆ ಹಂಚು ಎಣ್ಣೆಯಿಲ್ಲದೆ ಚೆನ್ನಾಗಿ ಕಾಯಬೇಕು, ಖಾಲಿ ಕಾಯಿಸಿದರೆ ಆ ಲೇಪ ಕೆಡುತ್ತದೆ.

ಹೊಸ ಹಂಚಿಗೆ ತುಕ್ಕು ಬಾರದಂತೆ ಅಂಗಡಿಯವರು ಎಣ್ಣೆ ಸವರಿರುತ್ತಾರೆ. ಅದನ್ನು ಬಿಸಿನೀರು, ಸೋಪು ಹಾಕಿ ಉಜ್ಜಿ ತೊಳೆಯಿರಿ, ಒಲೆಯ ಮೇಲಿಟ್ಟು ತೇವ ಪೂರ್ತಿ ಆರಿಸಿ. ಬಟ್ಟೆಯಿಂದ ಅಡುಗೆ ಎಣ್ಣೆಯನ್ನು ತೆಳ್ಳಗೆ ಸವರಿ, ಹೊಗೆ ಎದ್ದು ನಿಲ್ಲುವವರೆಗೆ ಕಾಯಿಸಿ, ಆರಲು ಬಿಡಿ. ಹೀಗೆ ಮೂರು ಸಲ. ಎಣ್ಣೆ ದಪ್ಪಗೆ ಹಚ್ಚಿದರೆ ಹಂಚು ಅಂಟಂಟಾಗುತ್ತದೆ. ಹೆಚ್ಚಿನವರು ತಪ್ಪುವುದು ಇಲ್ಲೇ. ರೊಟ್ಟಿ ಮುಗಿದ ಮೇಲೆ ಒಣಬಟ್ಟೆಯಲ್ಲಿ ಒರೆಸಿದರೆ ಸಾಕು. ದೋಸೆಗೆ ಬೇರೆ ಹಂಚು ಇರಲಿ, ಎಣ್ಣೆ ಕುಡಿದ ಹಂಚಿನ ಮೇಲೆ ಜೋಳದ ರೊಟ್ಟಿ ಸರಿಯಾಗಿ ಉಬ್ಬುವುದಿಲ್ಲ.

ಹಿಟ್ಟು ನಾದಲು ಅಗಲವಾದ ಪರಾತ ಬೇಕು. ನೆಲದ ಮೇಲಿಟ್ಟು ಅಂಚು ಒತ್ತಿ ನೋಡಿ, ಅಲುಗಾಡಿದರೆ ಬೇರೆ ತೆಗೆದುಕೊಳ್ಳಿ. ಬಡಿಯಲು ಕಾಲಿಲ್ಲದ ದಪ್ಪ ಹಲಗೆಯೇ ಒಳ್ಳೆಯದು. ಮೂರು ಕಾಲಿನ ಚಪಾತಿ ಮಣೆ ಬಡಿತಕ್ಕೆ ಜಾರುತ್ತದೆ.

ನಾಲ್ವರ ಮನೆಗೆ 5 ಲೀಟರ್ ಕುಕ್ಕರ್ ಸಾಕು. ಐಎಸ್‌ಐ ಗುರುತಿನ ಜೊತೆ ಐಎಸ್ 2347 ಸಂಖ್ಯೆ ಇದೆಯೇ ನೋಡಿ. ಬೇಳೆ, ಕಾಳು ಬೇಯಿಸುವಾಗ ನೀರು ಸೇರಿ ಅರ್ಧಕ್ಕಿಂತ ಹೆಚ್ಚು ತುಂಬಬೇಡಿ. ನೊರೆ ಮೇಲೆದ್ದು ಸೀಟಿಯ ದಾರಿ ಕಟ್ಟುತ್ತದೆ, ಅಪಾಯ ಇರುವುದು ಅಲ್ಲಿ. ಮುಚ್ಚಳದ ಸುತ್ತ ಉಗಿ ಸೋರುತ್ತಿದ್ದರೆ, ಸೀಟಿ ಬಾರದಿದ್ದರೆ ರಬ್ಬರ್ ರಿಂಗ್ ಗಟ್ಟಿಯಾಗಿದೆ ಎಂದೇ ಅರ್ಥ. ದಾರ ಸುತ್ತಿ ದಿನ ದೂಡದೆ ಅದೇ ಕಂಪನಿಯ ಹೊಸ ರಿಂಗ್ ತನ್ನಿ. ಗ್ಯಾಸ್ ಒಲೆಯ ಸುರಕ್ಷಾ ಪೈಪನ್ನು 5 ವರ್ಷಕ್ಕೊಮ್ಮೆ ಬದಲಿಸಬೇಕು.

ಉಳಿದದ್ದು ಸ್ವಲ್ಪವೇ: ಮುಚ್ಚಳವಿರುವ ಎರಡು ಸ್ಟೀಲ್ ಪಾತ್ರೆ, ಸೌಟು, ಚಿಮಟಿ, ಚಾಕು ಅಥವಾ ಈಳಿಗೆ, ಜರಡಿ, ಮಿಕ್ಸರ್, ಬೆಳ್ಳುಳ್ಳಿ–ಖಾರ ಕುಟ್ಟಲು ಸಣ್ಣ ಖಲಬತ್ತ. ಹುಣಸೆಹಣ್ಣಿನ ಸಾರು, ಪುಂಡಿಪಲ್ಯ ಸ್ಟೀಲ್ ಪಾತ್ರೆಯಲ್ಲೇ ಆಗಲಿ. ಹುಳಿ ಕಬ್ಬಿಣವನ್ನೂ ಅಲ್ಯೂಮಿನಿಯಂನ್ನೂ ತಿನ್ನುತ್ತದೆ, ಅಡುಗೆ ಕಪ್ಪಾಗಿ ಲೋಹದ ರುಚಿ ಬರುತ್ತದೆ.

ಜೋಳ: ಕಾಳು ಹೆಚ್ಚು, ಹಿಟ್ಟು ಕಡಿಮೆ

ಒಂದು ರೊಟ್ಟಿಗೆ ಸುಮಾರು 70 ಗ್ರಾಂ ಹಿಟ್ಟು ಹಿಡಿಯಿರಿ. ದಿನಕ್ಕೆ 8 ರೊಟ್ಟಿ ಮಾಡುವ ಮನೆಗೆ ತಿಂಗಳಿಗೆ 17 ಕೆ.ಜಿ., ವರ್ಷಕ್ಕೆ ಸುಮಾರು 2 ಕ್ವಿಂಟಲ್ ಜೋಳ. ಹಿಂಗಾರಿ ಜೋಳದ ರಾಶಿ ಫೆಬ್ರುವರಿ–ಮಾರ್ಚ್‌ನಲ್ಲಿ ಮುಗಿಯುತ್ತದೆ. ಕಲಬುರಗಿಯ ನೆಹರು ಗಂಜ್, ಬೀದರಿನ ಗಾಂಧಿ ಗಂಜ್ ಕಡೆ ಹೊಸ ಮಾಲು ನೋಡಿ ಆರಿಸಲು ಅದೇ ಹೊತ್ತು. ಬಾಡಿಗೆ ಮನೆಯಲ್ಲಿ ಜಾಗವಿಲ್ಲದವರು ಎರಡು ತಿಂಗಳಿಗೆ ಆಗುವಷ್ಟು ತಂದರೂ ನಡೆಯುತ್ತದೆ.

ಕೇಳಬೇಕಾದದ್ದು ಮಾಲ್ದಂಡಿ ಎಂಬ ಹಿಂಗಾರಿ ತಳಿ. ಈ ಜೋಳ ಕಪ್ಪು ನೆಲದಲ್ಲಿ ಉಳಿದ ಹಸಿಯ ಮೇಲೆಯೇ ಬೆಳೆದು, ಮಳೆ ಇಲ್ಲದ ದಿನಗಳಲ್ಲಿ ಮಾಗುತ್ತದೆ. ಹಾಗಾಗಿ ಕಾಳು ಬೆಳ್ಳಗೆ, ದುಂಡಗೆ, ಹೊಳಪಾಗಿರುತ್ತದೆ. ಮುಂಗಾರಿ ಜೋಳ ತೆನೆ ಕಟ್ಟುವಾಗ ಮಳೆಗೆ ಸಿಕ್ಕಿದರೆ ಬೂಷ್ಟು ಹಿಡಿದು ಕಪ್ಪಾಗುತ್ತದೆ, ರೊಟ್ಟಿಗೂ ಆ ಬಣ್ಣ, ಆ ರುಚಿ ಇಳಿಯುತ್ತದೆ.

ತಂದ ಕಾಳನ್ನು ಹಸನು ಮಾಡಿ ಎರಡು ದಿನ ಒಳ್ಳೆಯ ಬಿಸಿಲಿಗೆ ಹರವಿ. ಹಲ್ಲಲ್ಲಿ ಕಡಿದರೆ ಕಟ್ಟೆಂದು ಒಡೆಯಬೇಕು. ಮೆತ್ತಗಾದರೆ ಇನ್ನೊಂದು ಬಿಸಿಲು. ರಾತ್ರಿ ನೆರಳಲ್ಲಿ ಪೂರ್ತಿ ತಣ್ಣಗಾದ ಮೇಲೆಯೇ ಡಬ್ಬಿಗೆ ತುಂಬಿ. ಬಿಸಿ ಕಾಳನ್ನು ಮುಚ್ಚಿಟ್ಟರೆ ಒಳಗೆ ಬೆವರಿ, ಆ ತೇವದಲ್ಲೇ ಬೂಷ್ಟು, ಹುಳ ಶುರುವಾಗುತ್ತವೆ. ನಡುನಡುವೆ ಒಣ ಬೇವಿನ ಎಲೆ ಹಾಕಿ. ಹಸಿ ಎಲೆ ಬೇಡ, ಅದೇ ತೇವ ಬಿಡುತ್ತದೆ.

ಗಿರಣಿಗೆ ಒಂದು ಸಲಕ್ಕೆ 8 ಕೆ.ಜಿ.ಗಿಂತ ಹೆಚ್ಚು ಒಯ್ಯಬೇಡಿ. ಬೀಸಿದ ಕೂಡಲೇ ಕಾಳಿನ ಮೊಳಕೆ ಭಾಗದ ಎಣ್ಣೆಯಂಶ ಗಾಳಿಗೆ ತೆರೆದುಕೊಳ್ಳುತ್ತದೆ, ಕಹಿ ಬರುವುದು ಅದರಿಂದ. ಹಳೆ ಹಿಟ್ಟಿಗೆ ಜಿಗುಟೂ ಕಡಿಮೆ. ಬಡಿಯುವಾಗ ಅಂಚು ಸೀಳುತ್ತದೆ. ಜೋಳದಲ್ಲಿ ಗೋಧಿಯಂತೆ ಅಂಟು ಇಲ್ಲ, ಕುದಿಯುವ ನೀರು ಹಾಕಿದಾಗ ಪಿಷ್ಟ ಬೆಂದು ಬರುವ ಜಿಗುಟಿನ ಮೇಲೆಯೇ ರೊಟ್ಟಿ ನಿಂತಿದೆ. ಗಿರಣಿಯಿಂದ ತಂದ ಬಿಸಿ ಹಿಟ್ಟನ್ನು ಪರಾತದಲ್ಲಿ ಹರವಿ ಆರಿಸಿ, ಆಮೇಲೆ ಮುಚ್ಚಿ. ಖಾರ ಬೀಸಿದ ಯಂತ್ರದಲ್ಲಿ ಹಿಟ್ಟು ಬೀಸಿಸಬೇಡಿ.

ಗೋಧಿ ಹಿಟ್ಟು ತಿಂಗಳಿಗೊಮ್ಮೆ 3 ಕೆ.ಜಿ., ಚಳಿಗಾಲಕ್ಕೆ ಸಜ್ಜೆ 2 ಕೆ.ಜಿ. ಅಕ್ಕಿ ಕೊಳ್ಳುವಾಗ ಹಳೆಯದೋ ಹೊಸದೋ ಕೇಳಿ. ಶಹಾಪುರ, ಸುರಪುರ ಕಡೆಯ ಹೊಸ ಸೋನಾ ಮಸೂರಿ ಅನ್ನ ಮುದ್ದೆಯಾಗುತ್ತದೆ, ಅದಕ್ಕೆ ನೀರು ಕಡಿಮೆ ಇಡಬೇಕು.

ತೊಗರಿ ಬೇಳೆ ಬೇಯದಿದ್ದರೆ

ಕಲಬುರಗಿ ತೊಗರಿ ಬೇಳೆಗೆ 2019ರಲ್ಲಿ ಭೌಗೋಳಿಕ ಗುರುತು (ಜಿಐ ಟ್ಯಾಗ್) ಸಿಕ್ಕಿದೆ. ಇಷ್ಟು ಹತ್ತಿರದಲ್ಲಿ ಇಷ್ಟು ಒಳ್ಳೆಯ ಬೇಳೆ ಇರುವಾಗ ಥಳಥಳ ಹೊಳೆಯುವ ಪಾಲಿಶ್ ಬೇಳೆಗೆ ಹೆಚ್ಚು ದುಡ್ಡು ಕೊಡುವುದು ಅನ್ಯಾಯ. ಮಾಸಲು ಹಳದಿ, ತುಸು ಒರಟಾದ ಬೇಳೆಯನ್ನೇ ಆರಿಸಿ. ತಿಂಗಳಿಗೆ 3 ಕೆ.ಜಿ. ಸಾಕು.

ಒಳ್ಳೆಯ ಬೇಳೆಯೂ ಎಷ್ಟೋ ಮನೆಗಳಲ್ಲಿ ಬೇಯುವುದಿಲ್ಲ. ಕಾರಣ ಬೋರ್‌ವೆಲ್ಲಿನ ಗಡಸು ನೀರು: ಅದರ ಸುಣ್ಣದಂಶ ಬೇಳೆಯನ್ನು ಮೆತ್ತಗಾಗದಂತೆ ಬಿಗಿಯುತ್ತದೆ. ಅರ್ಧ ಗಂಟೆ ನೆನೆಸಿ, ಕುಡಿಯುವ ಆರ್‌ಒ ಫಿಲ್ಟರ್ ನೀರಿನಲ್ಲಿ ಬೇಯಿಸಿ. ಹುಣಸೆ ರಸ, ಟೊಮೆಟೊ ಬೇಳೆ ಬೆಂದ ಮೇಲೆಯೇ ಸೇರಬೇಕು. ಸೋಡಾ ಪುಡಿ ಹಾಕಿದರೆ ಬೇಗ ಬೇಯುತ್ತದೆ ನಿಜ, ಆದರೆ ಬೇಳೆಯ ಬಿ ಜೀವಸತ್ವ ಹಾಳಾಗುತ್ತದೆ.

ಹೆಸರು, ಅಲಸಂದಿ, ಮಡಕಿ ಕಾಳು ಒಂದೊಂದು ಕೆ.ಜಿ. ಇಡಿ. ಕಾಳಿಗೆ ತೂತು ಕೊರೆಯುವ ದುಂಬಿ ಎಷ್ಟೋ ಸಲ ಹೊಲದಿಂದಲೇ ಮೊಟ್ಟೆಯಾಗಿ ಬಂದಿರುತ್ತದೆ. ಒಂದು ಕೆ.ಜಿ. ಕಾಳಿಗೆ ಒಂದು ಚಮಚ ಎಣ್ಣೆ ಸವರಿದರೆ ಮೊಟ್ಟೆ ಉಸಿರುಕಟ್ಟಿ ಸಾಯುತ್ತದೆ. ರವೆ, ಶಾವಿಗೆಯನ್ನು ತಂದ ದಿನವೇ ಬಿಗಿಯಾಗಿ ಕಟ್ಟಿ ಫ್ರೀಜರಿನಲ್ಲಿ ನಾಲ್ಕು ದಿನ ಇಟ್ಟು, ಹೊರತೆಗೆದು, ಚೀಲದ ಮೇಲಿನ ಬೆವರು ಆರಿದ ಮೇಲೆ ಡಬ್ಬಿಗೆ ಹಾಕಿ.

ಖಾರ, ಎಣ್ಣೆ, ಹಿಂಡಿ

ಖಾರಕ್ಕೆ ಬೇಸಿಗೆಯೇ ಕಾಲ. ಬಣ್ಣಕ್ಕೆ ಬ್ಯಾಡಗಿ 600 ಗ್ರಾಂ, ಉರಿಗೆ ಗುಂಟೂರು 400 ಗ್ರಾಂ ಬೆರೆಸಿದರೆ ಮಧ್ಯಮ ಖಾರ. ತೊಟ್ಟು ತೆಗೆದು, ಮುರಿದರೆ ಸದ್ದು ಬರುವಷ್ಟು ಒಣಗಿಸಿ ಕುಟ್ಟಿಸಿ. ಬಿಸಿಲು ತಾಗುವ ಗಾಜಿನ ಬಾಟಲಿಯಲ್ಲಿ ಬಣ್ಣ ಬೇಗ ಮಾಸುತ್ತದೆ, ಸ್ಟೀಲ್ ಡಬ್ಬಿಯಲ್ಲಿ ಇಡಿ.

ಕುಸುಬಿ ಎಣ್ಣೆಯಾಗಲಿ ಶೇಂಗಾ ಎಣ್ಣೆಯಾಗಲಿ ಬೇಸಿಗೆಯಲ್ಲಿ ಒಂದೊಂದೇ ಲೀಟರ್ ತನ್ನಿ, ಒಲೆಯ ಪಕ್ಕ ಇಡಬೇಡಿ. ಶೇಂಗಾ, ಗುರೆಳ್ಳು, ಅಗಸಿಯನ್ನು ಹುರಿಯದೆ ಅರ್ಧರ್ಧ ಕೆ.ಜಿ. ಇಟ್ಟುಕೊಳ್ಳಿ.

ಹಿಂಡಿ, ಅಂದರೆ ಚಟ್ನಿ ಪುಡಿ, ಬೇಕಾದಾಗಷ್ಟೇ ಮಾಡಿ. 250 ಗ್ರಾಂ ಶೇಂಗಾವನ್ನು ಸಣ್ಣ ಉರಿಯಲ್ಲಿ ಹುರಿದು, ಪೂರ್ತಿ ಆರಿಸಿ ಸಿಪ್ಪೆ ತೆಗೆಯಿರಿ. ಒಂದೂವರೆ ಚಮಚ ಖಾರ, ಒಂದು ಚಮಚ ಜೀರಿಗೆ, ಎಂಟು ಎಸಳು ಬೆಳ್ಳುಳ್ಳಿ, ಉಪ್ಪು ಸೇರಿಸಿ ಕುಟ್ಟಿ. ಮಿಕ್ಸರ್ ಆದರೆ ತುಸು ತಿರುಗಿಸಿ ನಿಲ್ಲಿಸಿ, ಮತ್ತೆ ತಿರುಗಿಸಿ. ಒಂದೇ ಸಮನೆ ಓಡಿಸಿದರೆ ಎಣ್ಣೆ ಬಿಟ್ಟು ಮುದ್ದೆಯಾಗುತ್ತದೆ. ಹಸಿ ಬೆಳ್ಳುಳ್ಳಿ ಇರುವುದರಿಂದ ಹೊರಗಿಟ್ಟರೆ ಒಂದು ವಾರದೊಳಗೆ ಮುಗಿಸಬೇಕು, ಫ್ರಿಜ್‌ನಲ್ಲಿ ಇನ್ನೊಂದು ವಾರ ತಡೆಯುತ್ತದೆ. ತೆಗೆಯುವ ಚಮಚ ಒಣಗಿರಲಿ.