ಮೊದಲು ಜಾಗ ನೋಡಿ, ಆಮೇಲೆ ಹಕ್ಕಿ

ಹಕ್ಕಿ ನೋಡಲು ರಂಗನತಿಟ್ಟಿಗೆ ಹೋಗುವುದಾದರೆ ಬಾಗಿಲು ತೆರೆಯುವ ಹೊತ್ತಿಗೇ ಅಲ್ಲಿರಿ. ಬಿಸಿಲೇರಿ ಜನ ತುಂಬಿದ ಮೇಲೆ ಗದ್ದಲವೇ ಹೆಚ್ಚು. ದೋಣಿ ಹತ್ತುವ ಆತುರ ಬೇಡ. ದಡದಲ್ಲಿ ನಿಂತು ಒಂದೇ ಬಂಡೆಯನ್ನು ಆರಿಸಿಕೊಂಡು ಹತ್ತು ನಿಮಿಷ ನೋಡಿ. ಕಳೆದ ಬಾರಿ ತಂಗಿಯ ಮಗಳಿಗೆ ಹೀಗೇ ಹೇಳಿದ್ದೆ. ಏಳನೇ ನಿಮಿಷಕ್ಕೆ ಅವಳು ನೋಡುತ್ತಿದ್ದ ಬಂಡೆಯ ಒಂದು ತುದಿ ಬಾಯಿ ತೆರೆಯಿತು. ಮೊಸಳೆ! ಅವಳು ನನ್ನ ಕೈಯನ್ನು ಎಷ್ಟು ಬಿಗಿಯಾಗಿ ಹಿಡಿದಳೆಂದರೆ ಬೆರಳ ಗುರುತು ಮೂಡಿತ್ತು.

ಹದಿನೇಳನೇ ಶತಮಾನದಲ್ಲಿ ಕಾವೇರಿಗೆ ಕಟ್ಟಿದ ಒಡ್ಡಿನಿಂದ ಉಂಟಾದ ತಿಟ್ಟುಗಳು, ಅಂದರೆ ಪುಟ್ಟ ನಡುಗಡ್ಡೆಗಳು, ಇಲ್ಲಿವೆ. ಪಕ್ಷಿತಜ್ಞ ಸಲೀಂ ಅಲಿಯವರು ಒತ್ತಾಯಿಸಿದ ಮೇಲೆ 1940ರಲ್ಲಿ ಪಕ್ಷಿಧಾಮವಾಯಿತು. ಅಂಗೈಯಗಲದ ಈ ಜಾಗದಲ್ಲಿ ಎಷ್ಟು ಬಗೆಯ ಮನೆಗಳಿವೆ ಎಂದು ಎಣಿಸಿ ನೋಡಿ. ಆಳದ ನೀರಿನಲ್ಲಿ ಹಾವಕ್ಕಿ ಮುಳುಗಿ ಮೀನನ್ನು ಚುಚ್ಚುತ್ತದೆ, ಮೇಲೆ ಬಂದು ರೆಕ್ಕೆ ಹರಡಿ ಒಣಗಿಸಿಕೊಳ್ಳುತ್ತದೆ. ತೆಳು ನೀರಿನಲ್ಲಿ ಚಮಚದ ಕೊಕ್ಕಿನ ಹಕ್ಕಿ ತಲೆಯನ್ನು ಅತ್ತಿತ್ತ ಬೀಸುತ್ತಾ ನಡೆಯುತ್ತದೆ. ಬಾಯ್ಕಳಕ ಕೊಕ್ಕರೆಯ ಕೊಕ್ಕಿನ ನಡುವೆ ಸಂದಿಯಿದೆ, ಅದರ ಊಟ ಬಸವನಹುಳು. ಬೇಸಿಗೆಯಲ್ಲಿ ರೀವ ಎಂಬ ಹಕ್ಕಿ ಬರಿಯ ಬಂಡೆಯ ಮೇಲೆಯೇ ಮೊಟ್ಟೆಯಿಡುತ್ತದೆ, ಮೊಟ್ಟೆಯ ಬಣ್ಣವೂ ಕಲ್ಲಿನದೇ. ಕೊಕ್ಕು ನೋಡಿದರೆ ನೀರಿನ ಆಳ ತಿಳಿಯುತ್ತದೆ ಎಂದು ನಾನು ಮಕ್ಕಳಿಗೆ ಹೇಳುವುದು ಇದಕ್ಕೇ. ಮಳೆಗಾಲದಲ್ಲಿ ಹೊರಡುವ ಮುನ್ನ ವಿಚಾರಿಸಿ, ಕನ್ನಂಬಾಡಿ ಕಟ್ಟೆಯಿಂದ ಹೆಚ್ಚು ನೀರು ಬಿಟ್ಟರೆ ದೋಣಿ ನಿಲ್ಲುತ್ತದೆ.

ಇನ್ನೊಂದು ದಿನವನ್ನು ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿಗೆ ಇಡಿ. ಫೆಬ್ರವರಿ, ಮಾರ್ಚ್ ಒಳ್ಳೆಯ ಕಾಲ. ಅಲ್ಲಿ ಬೇಲಿಯೂ ಇಲ್ಲ, ದೋಣಿಯೂ ಇಲ್ಲ. ಮನೆಯಂಗಳದ ಹುಣಸೆ ಮರಗಳಲ್ಲೇ ಹೆಜ್ಜಾರ್ಲೆಗಳೂ (ಪೆಲಿಕನ್) ಬಣ್ಣದ ಕೊಕ್ಕರೆಗಳೂ ಗೂಡು ಕಟ್ಟುತ್ತವೆ, ಮೀನಿಗೆ ಸುತ್ತಲಿನ ಕೆರೆಗಳಿಗೂ ಶಿಂಷಾ ನದಿಗೂ ಹಾರುತ್ತವೆ. ಹೆರಿಗೆಗೆ ತವರಿಗೆ ಬಂದ ಹೆಣ್ಣುಮಕ್ಕಳು ಎಂದು ಊರಿನವರು ಅವನ್ನು ಕಾಣುತ್ತಾರೆ. ಹಿಕ್ಕೆ ಹೊಲಕ್ಕೆ ಗೊಬ್ಬರ. ಹುಣಸೆ ಫಸಲು ಕೈತಪ್ಪಿದರೂ ಮರ ಕಡಿಯದ ಈ ಮನೆಗಳನ್ನು ನಾನು ಯಾವ ಅಭಯಾರಣ್ಯಕ್ಕೂ ಕಡಿಮೆಯೆಂದು ಎಣಿಸುವುದಿಲ್ಲ. 2007ರಲ್ಲಿ ಇದು ಸಮುದಾಯ ಮೀಸಲು ಪ್ರದೇಶವೆಂದು ಘೋಷಣೆಯಾಯಿತು.

ಅಂಗಳಕ್ಕೆ ಕಾಲಿಡುವ ಮೊದಲು ಮನೆಯವರನ್ನು ಕೇಳಿ. ತಲೆಗೆ ಟೋಪಿಯಿರಲಿ, ಮರದಡಿ ಹಿಕ್ಕೆ ಬೀಳುತ್ತಲೇ ಇರುತ್ತದೆ. ಹಾರಿಸಿ ಚಿತ್ರ ತೆಗೆಯಲೆಂದು ಚಪ್ಪಾಳೆ ತಟ್ಟಬೇಡಿ. ತಾಯಿ ಎದ್ದರೆ ಮರಿಗಳಿಗೆ ನೆರಳಿಲ್ಲ, ಮಾರ್ಚ್ ಬಿಸಿಲು ಎಳೆಯ ಮೈಗೆ ತಡೆಯದು. ಗೂಡಿನಿಂದ ಬಿದ್ದ ಮರಿ ಕಂಡರೆ ಕೈಹಾಕದೆ ಊರಿನವರನ್ನು ಕರೆಯಿರಿ. ಅದನ್ನು ಸಾಕಿ ಹಾರಲು ಬಿಡುವುದು ಅವರಿಗೆ ಗೊತ್ತು.